ಒಲೆಯ ಮೇಲೆ ಸೀಸ ಕರಗಿಸುತ್ತೀರಾ? ಹೊಗೆಗಿಂತ ಧೂಳಿಗೆ ಹೆದರಿ

ಚುಟುಕಾಗಿ ಹೇಳುವುದಾದರೆ:

- ಮನೆಯಲ್ಲಿ ಸೀಸ ಕರಗಿಸುವಾಗ ಕಣ್ಣಿಗೆ ಕಾಣುವ ಹೊಗೆಯೊಂದೇ ಅಪಾಯವಲ್ಲ. ಕೆಲಸ ಮುಗಿದ ಮೇಲೆ ಉಳಿಯುವ ಬೂದುಬಣ್ಣದ ಪುಡಿಯೇ ಹೆಚ್ಚಿನ ಮನೆಗಳಲ್ಲಿ ದೊಡ್ಡ ಅಪಾಯ.
- ಆ ಪುಡಿ ಕೈ, ಬಟ್ಟೆ, ಚಪ್ಪಲಿಯ ಮೂಲಕ ಮಕ್ಕಳ ಬಾಯಿಗೆ ಹೋಗುತ್ತದೆ.
- ಹಾಲು, ಬೆಲ್ಲ, ಕರವಸ್ತ್ರ ಇವು ಯಾವುವೂ ರಕ್ಷಣೆ ಕೊಡುವುದಿಲ್ಲ.
- ಮೈಯಲ್ಲಿ ಸೀಸ ಸೇರಿದೆಯೇ ಎಂದು ತಿಳಿಯಲು ಇರುವುದು ಒಂದೇ ದಾರಿ: ರಕ್ತ ಪರೀಕ್ಷೆ.

ಬೇತಮಂಗಲದ ಕೆರೆ ಗೊತ್ತಿಲ್ಲದವರು ಕೋಲಾರ ಜಿಲ್ಲೆಯಲ್ಲಿ ಕಡಿಮೆ. ಪಾಲಾರ್ ನದಿಯ ನೀರು ನಿಲ್ಲುವ ಈ ಕೆರೆಯಿಂದಲೇ ಒಂದು ಕಾಲದಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಕಾಲೊನಿಗಳಿಗೆ ಕುಡಿಯುವ ನೀರು ಹೋಗುತ್ತಿತ್ತು. ಇಂಥ ಯಾವುದೇ ಕೆರೆಯಲ್ಲಿ ನೀರು ತುಂಬಿದರೆ ಬೀಸುಬಲೆ ಹೊರಗೆ ಬರುತ್ತದೆ. ಬೀಸಿದ ಬಲೆ ಅಗಲವಾಗಿ ಹರಡಿ ತಕ್ಷಣ ಮುಳುಗಬೇಕಾದರೆ ಅದರ ಅಂಚಿನುದ್ದಕ್ಕೂ ಭಾರ ಬೇಕು. ಬಲೆಗಳಿಗೆ ಹೆಚ್ಚಾಗಿ ಕಟ್ಟುವ ಭಾರವೆಂದರೆ ಸೀಸದ ಗುಂಡು.

ಈ ಗುಂಡುಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೆ ನಾಲ್ಕು ಕಾಸು ಉಳಿಯಲಿ ಎಂದು ಗುಜರಿಯ ಸೀಸವನ್ನೋ ಹಳೆ ಬ್ಯಾಟರಿಯ ಪ್ಲೇಟುಗಳನ್ನೋ ತಂದು, ಹಿತ್ತಲಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುವವರೂ ಇರುತ್ತಾರೆ. ಇನ್ನೊಂದು ಕಡೆ, ಬಂದೂಕಿನ ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುವ ಅಮೆರಿಕದ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತವೆ. ಬಲೆಯ ಗುಂಡಾಗಲಿ ಬಂದೂಕಿನ ಗುಂಡಾಗಲಿ, ಸೀಸದ ಮಟ್ಟಿಗೆ ಎರಡೂ ಒಂದೇ ಕೆಲಸ, ಎರಡರಲ್ಲೂ ಅದೇ ವಿಷ. ಅದು ಹೇಗೆ ಮನೆಯೊಳಗೆ ಬರುತ್ತದೆ, ಯಾರಿಗೆ ಹೆಚ್ಚು ತಾಗುತ್ತದೆ, ಏನು ಮಾಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಹೆಸರಿನ ಗೊಂದಲ ಬಿಡಿಸೋಣ

ಕನ್ನಡದಲ್ಲಿ ಸೀಸ ಬೇರೆ, ತವರ ಬೇರೆ. ತಮಿಳು ಮಾತಾಡುವ ಮನೆಗಳಲ್ಲಿ 'ಈಯ' ಎಂಬ ಪದ ಎರಡಕ್ಕೂ ಬಳಕೆಯಾಗುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತಿರುವ ಕೆಜಿಎಫ್, ಬಂಗಾರಪೇಟೆ ಕಡೆ ಇದು ಸಣ್ಣ ವಿಷಯವಲ್ಲ. ಪಾತ್ರೆಗೆ ಕಲಾಯಿ ಹಾಕುವುದಕ್ಕೂ ಸಾರು ಮಾಡುವ 'ಈಯ ಚೊಂಬಿ'ಗೂ ಬಳಸಬೇಕಾದದ್ದು ತವರ. ತವರ ದುಬಾರಿ, ಸೀಸ ಅಗ್ಗ. ಆದ್ದರಿಂದ ಬಲೆಗೆ ತಂದ 'ಈಯ'ವನ್ನು ಪಾತ್ರೆಯ ಕಲಾಯಿಗೆ ಬಳಸಲೇಬಾರದು. ಹುಣಸೆ ಹುಳಿ ತಾಗಿದರೆ ಸೀಸ ಕರಗಿ ಸಾರಿಗೇ ಇಳಿಯುತ್ತದೆ.

ಇನ್ನೊಂದು ತಮಾಷೆ. ಪೆನ್ಸಿಲನ್ನು ನಮ್ಮ ಹಿರಿಯರು 'ಸೀಸದಕಡ್ಡಿ' ಎನ್ನುತ್ತಿದ್ದರು. ಆದರೆ ಪೆನ್ಸಿಲ್ ಒಳಗಿನ ಕಪ್ಪು ಕಡ್ಡಿ ಸೀಸವಲ್ಲ, ಅದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಪೆನ್ಸಿಲ್ ತುದಿ ಚುಚ್ಚಿದರೆ ಸೀಸದ ವಿಷ ಏರುತ್ತದೆ ಎಂಬ ಫಾರ್ವರ್ಡ್ ಸುಳ್ಳು.

ಕರಗಿಸುವಾಗ ಏನಾಗುತ್ತದೆ?

ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲೋಹಗಳ ಪೈಕಿ ಇದು ಬಹಳ ಕಡಿಮೆ. ಸೌದೆ ಒಲೆ, ಗ್ಯಾಸ್ ಒಲೆ ಎರಡರಲ್ಲೂ ಆಗಿಬಿಡುತ್ತದೆ. ಸುಲಭವಾಗಿ ಕರಗುವುದೇ ಇದರ ಉಪಯೋಗ, ಅದೇ ಇದರ ಅಪಾಯವೂ ಹೌದು.

ಕರಗಿದ ಸೀಸದಿಂದ ಎರಡು ರೀತಿಯಲ್ಲಿ ವಿಷ ಹೊರಬರುತ್ತದೆ.

ಮೊದಲನೆಯದು ಆವಿ. ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. ಆದರೆ ನೀರು ಕುದಿಯುವ ಮೊದಲೇ ಆವಿಯಾಗುವಂತೆ, ಸೀಸವೂ ಕುದಿಯುವುದಕ್ಕೆ ಬಹಳ ಮೊದಲೇ ಆವಿ ಬಿಡುತ್ತದೆ. ಕರಗುವ ಬಿಸಿಯಲ್ಲಿ ಅದು ತೀರ ಕಡಿಮೆ. ಬಿಸಿ 500 ಡಿಗ್ರಿಯ ಹತ್ತಿರ ಹೋದಂತೆ ಹೆಚ್ಚುತ್ತದೆ, ಅಲ್ಲಿಂದ ಮುಂದೆ ಬೇಗ ಬೇಗ ಏರುತ್ತದೆ. ಆ ಆವಿ ಗಾಳಿಯಲ್ಲಿ ತಣಿದು ಅತಿ ಸೂಕ್ಷ್ಮ ಕಣಗಳಾಗುತ್ತದೆ. ಉಸಿರಿನೊಂದಿಗೆ ಹೋದರೆ ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಸೌದೆ ಒಲೆಯಲ್ಲಿ, ಊದುವ ಕುಲುಮೆಯಲ್ಲಿ ಎಷ್ಟು ಡಿಗ್ರಿ ಬಿಸಿಯಿದೆ ಎಂದು ಅಳೆಯುವವರು ಯಾರು?

ಎರಡನೆಯದು ಕಿಟ್ಟ. ಕರಗಿದ ಸೀಸದ ಮೇಲೆ ಬೂದು ಅಥವಾ ಹಳದಿ ಬಣ್ಣದ ಕೆನೆ ಕಟ್ಟುತ್ತದೆ. ಗಾಳಿಯ ಆಮ್ಲಜನಕ ಸೇರಿ ಆದ ಸೀಸದ ಆಕ್ಸೈಡ್ ಅದು. ಗುಂಡು ಹೊಯ್ಯುವವರು ಅದನ್ನು ಚಮಚದಿಂದ ತೆಗೆದು ಪಕ್ಕಕ್ಕೆ ಎಸೆಯುತ್ತಾರೆ. ತಣಿದ ಮೇಲೆ ಅದು ಪುಡಿ ಪುಡಿಯಾಗುತ್ತದೆ. ಗಟ್ಟಿ ಸೀಸಕ್ಕಿಂತ ಈ ಪುಡಿ ಹೊಟ್ಟೆಯಲ್ಲಿ ಬೇಗ ಕರಗುತ್ತದೆ, ಬೇಗ ರಕ್ತಕ್ಕೆ ಸೇರುತ್ತದೆ. ಒಲೆಯ ಸುತ್ತ, ಮಣ್ಣಿನಲ್ಲಿ, ಅಂಗಿಯ ಮಡಿಕೆಯಲ್ಲಿ, ಉಗುರಿನ ಸಂದಿಯಲ್ಲಿ ಕೂತಿರುತ್ತದೆ. ಹೊಗೆ ಹತ್ತು ನಿಮಿಷದಲ್ಲಿ ಗಾಳಿಗೆ ಹೋಗುತ್ತದೆ. ಈ ಪುಡಿ ಕೊಳೆಯುವುದಿಲ್ಲ, ಒಣಗಿ ಹೋಗುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ಮಗುವಿಗೆ ಏಕೆ ಹೆಚ್ಚು ಅಪಾಯ?

ಸೀಸ ಕರಗಿಸುವವರು ದೊಡ್ಡವರು, ವಿಷ ಹೆಚ್ಚು ತಾಗುವುದು ಚಿಕ್ಕವರಿಗೆ. ಇದಕ್ಕೆ ಕಾರಣಗಳಿವೆ.

ಅಂಬೆಗಾಲಿಡುವ ಮಗು ನೆಲದ ಮೇಲೆಯೇ ಇರುತ್ತದೆ, ಕೈ ಸದಾ ಬಾಯಲ್ಲಿರುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಅರ್ಧದವರೆಗೂ ಸೇರಬಹುದು. ಹೊಟ್ಟೆ ಖಾಲಿಯಿದ್ದರೆ, ಮೈಯಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ.

ಎಷ್ಟು ಸೀಸ ಸಾಕು? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಇದ್ದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಎರಡು ವರ್ಷದ ಮಗುವಿನ ಮೈಯಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ರಕ್ತ ಇರುತ್ತದೆ. ಲೆಕ್ಕ ಹಾಕಿದರೆ ಇಡೀ ಮಗುವಿನ ರಕ್ತದಲ್ಲಿ 50 ಮೈಕ್ರೋಗ್ರಾಂ. ಅದು ಪುಡಿ ಉಪ್ಪಿನ ಒಂದು ಹರಳಿನಷ್ಟು ತೂಕ, ಅಷ್ಟೆ. 5ಕ್ಕಿಂತ ಕೆಳಗಿದ್ದರೆ ಸುರಕ್ಷಿತ ಎಂದೂ ಅರ್ಥವಲ್ಲ. ಹಾನಿಯೇ ಇಲ್ಲದ ಮಟ್ಟ ಎಂಬುದು ಸೀಸಕ್ಕೆ ಇಲ್ಲ ಎಂದು ಅದೇ ಸಂಸ್ಥೆ ಹೇಳುತ್ತದೆ.

ಒಳಗೆ ಹೋದ ಸೀಸ ಏನು ಮಾಡುತ್ತದೆ?

ನಮ್ಮ ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿಯುತ್ತದೆ. ಕ್ಯಾಲ್ಸಿಯಂ ಹೋಗುವ ಕಡೆಗೆಲ್ಲ ಅದನ್ನು ಬಿಟ್ಟುಕೊಳ್ಳುತ್ತದೆ: ನರ, ಮಿದುಳು, ಮೂಳೆ, ಹಲ್ಲು. ರಕ್ತದಲ್ಲಿನ ಸೀಸ ಅರ್ಧಕ್ಕೆ ಇಳಿಯಲು ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಬೇಕು. ಮೂಳೆಗೆ ಸೇರಿದ್ದು ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ. ಹೆಣ್ಣುಮಗಳು ಬಸುರಿಯಾದಾಗ ಮಗುವಿಗಾಗಿ ಮೂಳೆಯಿಂದ ಕ್ಯಾಲ್ಸಿಯಂ ಹೊರಡುತ್ತದಲ್ಲ, ಜೊತೆಗೆ ಹಳೆಯ ಸೀಸವೂ ಹೊರಟು ಗರ್ಭದ ಕೂಸಿಗೆ ಸೇರುತ್ತದೆ. ಚಿಕ್ಕಂದಿನಲ್ಲಿ ನುಂಗಿದ ವಿಷ ಮುಂದಿನ ತಲೆಮಾರಿಗೆ ಹೋಗುವುದು ಹೀಗೆ.

ಮಕ್ಕಳಲ್ಲಿ ಆಗುವುದು: ಕಲಿಕೆ ನಿಧಾನ, ಗಮನ ನಿಲ್ಲದಿರುವುದು, ಸಿಡುಕು, ರಕ್ತಹೀನತೆ, ಹೊಟ್ಟೆನೋವು. ಮಟ್ಟ ತುಂಬ ಏರಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಸಾವು.

ದೊಡ್ಡವರಲ್ಲಿ ಆಗುವುದು: ಸುಸ್ತು, ತಲೆನೋವು, ಮಲಬದ್ಧತೆ, ಹಿಂಡುವ ಹೊಟ್ಟೆನೋವು, ಕೀಲುನೋವು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ. ಬಹಳ ಕಾಲ ಹೆಚ್ಚು ಸೇರಿದರೆ ಮಣಿಕಟ್ಟು ಎತ್ತಲಾಗದೆ ಕೈ ಜೋಲುವುದೂ ಉಂಟು.

ಈ ಪಟ್ಟಿಯನ್ನು ಮತ್ತೊಮ್ಮೆ ಓದಿ. ಇದರಲ್ಲಿ ಯಾವುದನ್ನು ನೋಡಿ ನೀವು 'ಇದು ಸೀಸ' ಎಂದು ಹೇಳಬಲ್ಲಿರಿ? ಮಗು ಓದುವುದಿಲ್ಲ ಎಂದರೆ ಮೇಷ್ಟ್ರು ಬೈಯುತ್ತಾರೆ, ಹೊಟ್ಟೆನೋವು ಎಂದರೆ ಗ್ಯಾಸ್ ಮಾತ್ರೆ ನುಂಗುತ್ತೇವೆ. ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಕಾಣುವುದೇ ಇಲ್ಲ.

ಗಣಿ ಧೂಳಿನಿಂದ ಬರುವ ಸಿಲಿಕೋಸಿಸ್ ಕೆಜಿಎಫ್‌ನ ಹಳೆಯ ಕಾರ್ಮಿಕ ಕುಟುಂಬಗಳಿಗೆ ಹೊಸ ಹೆಸರಲ್ಲ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದರೂ ಆ ಕೆಮ್ಮಿನ ನೆನಪು ಮುಚ್ಚಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಸುಬಿನ ರೋಗಗಳ ಪಟ್ಟಿಯಿದೆ. ಸಿಲಿಕೋಸಿಸ್ ಆ ಪಟ್ಟಿಯಲ್ಲಿದೆ. ಪಟ್ಟಿಯ ಮೊದಲ ಹೆಸರೇ ಸೀಸದ ವಿಷ. ಒಂದು ವ್ಯತ್ಯಾಸ ಮಾತ್ರ: ಗಣಿಯ ಧೂಳಿನ ರೋಗ ಬರುತ್ತಿದ್ದುದು ಹೆಚ್ಚಾಗಿ ಗಣಿಗೆ ಇಳಿದವನಿಗೆ. ಸೀಸದ ಧೂಳು ಅಪ್ಪನ ಅಂಗಿಯ ಮೇಲೆ ಕೂತು ಮನೆಗೇ ಬರುತ್ತದೆ.

ಬಲೆಯ ಗುಂಡಿನಿಂದ ಒಂದು ಊರಿಗೆ ಬಂದ ಸಾವು

ಇದು ಬರೀ ಹೆದರಿಸುವ ಮಾತಲ್ಲ. ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರ್ ಪಕ್ಕದಲ್ಲಿ ಥಿಯಾರೋಯ್ ಸುರ್ ಮೇರ್ ಎಂಬ ಮೀನುಗಾರರ ಊರಿದೆ. ಅಲ್ಲಿನ ಕಮ್ಮಾರರು ವರ್ಷಗಳಿಂದ ಹಳೆ ಕಾರ್ ಬ್ಯಾಟರಿಗಳ ಸೀಸ ಕರಗಿಸಿ ಬಲೆಗೆ ಗುಂಡು ಮಾಡುತ್ತಿದ್ದರು. ಸೀಸದ ಚೂರು, ಪುಡಿ ಊರಿನ ಮರಳಿನಲ್ಲಿ ಸೇರುತ್ತಲೇ ಹೋಯಿತು. ಸೀಸದ ಬೆಲೆ ಏರಿದಾಗ ಆ ಮರಳಿಗೂ ಗಿರಾಕಿ ಬಂದರು. ಹೆಂಗಸರು ಮಣ್ಣು ಅಗೆದು, ಜರಡಿ ಹಿಡಿದು, ಸೀಸ ಆರಿಸಿ ಮಾರಿದರು. ಮಕ್ಕಳು ಪಕ್ಕದಲ್ಲೇ ಆಡುತ್ತಿದ್ದರು.

2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗೆ ಅಲ್ಲಿ 18 ಮಕ್ಕಳು ಸತ್ತರು. ಮೊದಲಿಗೆ ಯಾರಿಗೂ ಕಾರಣ ಹೊಳೆಯಲಿಲ್ಲ. ಸತ್ತ ಮಕ್ಕಳ ತಾಯಂದಿರನ್ನೂ ಒಡಹುಟ್ಟಿದವರನ್ನೂ ಪರೀಕ್ಷಿಸಿದಾಗ ರಕ್ತದಲ್ಲಿ ವಿಪರೀತ ಸೀಸ ಸಿಕ್ಕಿತು.

2010ರಲ್ಲಿ ನೈಜೀರಿಯಾದ ಜಂಫಾರಾ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ದುರಂತ ಬೆಳಕಿಗೆ ಬಂತು. ಅಲ್ಲಿ ಜನ ಚಿನ್ನದ ಅದಿರನ್ನು ಮನೆಯಂಗಳದಲ್ಲೇ ಅರೆಯುತ್ತಿದ್ದರು. ಆ ಅದಿರಿನಲ್ಲಿ ಸೀಸ ಬೆರೆತಿತ್ತು. 400ಕ್ಕೂ ಹೆಚ್ಚು ಮಕ್ಕಳು ಸತ್ತರು.

ಎರಡು ಊರಿನಲ್ಲೂ ಮಕ್ಕಳಿಗೆ ವಿಷ ಮುಖ್ಯವಾಗಿ ತಾಗಿದ್ದು ಮನೆಯಂಗಳದ ಧೂಳಿನಿಂದ.

ನಮ್ಮಲ್ಲಿ ಏನಾಗಿದೆ?

ಭಾರತದಲ್ಲಿ ಸೀಸದ ವಿಷದ ಬಗ್ಗೆ ಎಚ್ಚರ ಮೂಡಿಸಿದ ಕೆಲಸ ಹೆಚ್ಚಾಗಿ ನಡೆದದ್ದು ಬೆಂಗಳೂರಿನಿಂದ. 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಲಾಯಿತು. ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು. 2000ದಲ್ಲಿ ದೇಶದೆಲ್ಲೆಡೆ ಸೀಸರಹಿತ ಪೆಟ್ರೋಲ್ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಕ್ಕಾಗಿಯೇ ರಾಷ್ಟ್ರೀಯ ಕೇಂದ್ರವೊಂದು ಶುರುವಾಯಿತು. ಅಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರಿಗೆ 'ಭಾರತದ ಸೀಸದ ಮನುಷ್ಯ' ಎಂಬ ಹೆಸರೇ ಬಿತ್ತು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮವೂ 2016ರಲ್ಲಿ ಬಂತು.

ಪೆಟ್ರೋಲು ಶುದ್ಧವಾಯಿತು, ಪೇಂಟಿಗೆ ನಿಯಮ ಬಂತು. ಆದರೂ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿ, ಜಗತ್ತಿನ ಮೂವರಲ್ಲಿ ಒಂದು ಮಗುವಿನ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ ಎಂದು ಅಂದಾಜು ಮಾಡಿತು. ಅದು ಬೊಟ್ಟು ಮಾಡಿದ ಮುಖ್ಯ ಕಾರಣಗಳಲ್ಲೊಂದು, ಹಳೆ ಬ್ಯಾಟರಿಗಳನ್ನು ಎಲ್ಲೆಂದರಲ್ಲಿ ಒಡೆದು ಕರಗಿಸುವುದು.

ಜನ ಹೇಳುವುದು, ನಿಜವಾಗಿರುವುದು

'ಹೊಗೆ ಕಾಣದಿದ್ದರೆ ಅಪಾಯವಿಲ್ಲ.'
ಸುಳ್ಳು. ಸೀಸದ ಆವಿ ಹೆಚ್ಚಿನ ಸಲ ಕಣ್ಣಿಗೆ ಕಾಣುವುದಿಲ್ಲ. ಕಾಣುವ ಹೊಗೆ ಎಣ್ಣೆ, ಮೇಣ, ಪೇಂಟ್ ಸುಟ್ಟದ್ದೂ ಆಗಿರಬಹುದು. ಜೊತೆಗೆ ಕಿಟ್ಟದ ಪುಡಿಗೆ ಹೊಗೆಯೇ ಇಲ್ಲ.

'ಬಯಲಲ್ಲಿ ಕರಗಿಸಿದರೆ ಏನೂ ಆಗುವುದಿಲ್ಲ.'
ಅರ್ಧ ನಿಜ. ಬಯಲಲ್ಲಿ ಆವಿ ಬೇಗ ಚದುರುತ್ತದೆ. ಆದರೆ ಪುಡಿ ನೆಲಕ್ಕೆ ಬೀಳುತ್ತದೆ, ಬಟ್ಟೆಗೆ ಅಂಟುತ್ತದೆ. ಸೆನೆಗಲ್‌ನಲ್ಲೂ ಕೆಲಸ ನಡೆದದ್ದು ಬಯಲಲ್ಲೇ.

'ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಕು.'
ಸುಳ್ಳು. ಸೀಸದ ಆವಿಯ ಕಣ ಬಟ್ಟೆಯ ನೂಲಿನ ಸಂದಿಯಿಂದ ಸಲೀಸಾಗಿ ನುಗ್ಗುತ್ತದೆ. ಕೊರೊನಾ ಕಾಲದ ತೆಳು ಮಾಸ್ಕೂ ಇದಕ್ಕೆ ಸಾಲದು. ಒಳ್ಳೆಯ ಮಾಸ್ಕ್ ಹಾಕಿದರೂ ಅದು ಕಾಪಾಡುವುದು ಹಾಕಿಕೊಂಡವರನ್ನು ಮಾತ್ರ, ಮನೆಯ ಮಗುವನ್ನಲ್ಲ.

'ಸೀಸ ಮುಟ್ಟಿದರೆ ಸಾಕು, ಚರ್ಮದಿಂದ ವಿಷ ಏರುತ್ತದೆ.'
ಹಾಗಿಲ್ಲ. ಲೋಹದ ಸೀಸ ಚರ್ಮದ ಮೂಲಕ ಲೆಕ್ಕಕ್ಕೆ ಬರುವಷ್ಟು ಒಳಗೆ ಹೋಗುವುದಿಲ್ಲ. ಮುಟ್ಟಿದ ಕೈಯಲ್ಲಿ ಊಟ ಮಾಡಿದರೆ, ಬೀಡಿ ಸೇದಿದರೆ, ಎಲೆಅಡಿಕೆ ಹಾಕಿದರೆ ಹೋಗುತ್ತದೆ. ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸವಿದ್ದರೆ ಇಂದೇ ಬಿಡಿ.

'ಹಾಲು ಕುಡಿದರೆ, ಬೆಲ್ಲ ತಿಂದರೆ ವಿಷ ಇಳಿಯುತ್ತದೆ.'
ಸುಳ್ಳು. ಸೇರಿದ ಸೀಸವನ್ನು ಯಾವ ಆಹಾರವೂ ಹೊರಹಾಕುವುದಿಲ್ಲ. ರಾಗಿ, ಸೊಪ್ಪು, ಬೇಳೆ, ಹಾಲು, ಹುಳಿಹಣ್ಣು ಇರುವ ಊಟದಿಂದ ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್ ಸಿ ಸಿಗುತ್ತವೆ. ಇವು ಸರಿಯಾಗಿದ್ದರೆ ಸೀಸ ರಕ್ತಕ್ಕೆ ಸೇರುವುದು ಸ್ವಲ್ಪ ಕಡಿಮೆಯಾಗಬಹುದು. ಒಳ್ಳೆಯ ಊಟ ಬೇಕು, ಆದರೆ ಅದು ಮದ್ದಲ್ಲ.

'ಕೆರೆಯಲ್ಲಿ ಬಿದ್ದ ಸೀಸದ ಗುಂಡಿನಿಂದ ಕುಡಿಯುವ ನೀರೆಲ್ಲ ವಿಷ.'
ಉತ್ಪ್ರೇಕ್ಷೆ. ಗಟ್ಟಿ ಸೀಸ ನೀರಿನಲ್ಲಿ ಬಹಳ ನಿಧಾನವಾಗಿ ಕರಗುತ್ತದೆ. ಅದನ್ನು ಕಲ್ಲೆಂದು ನುಂಗುವ ನೀರುಹಕ್ಕಿಗಳು ಮಾತ್ರ ಸಾಯುತ್ತವೆ. ಆದರೆ ಬ್ಯಾಟರಿ ಒಡೆದು ಅದರ ಆಸಿಡ್ ಅನ್ನು ಕೆರೆಗೋ ಚರಂಡಿಗೋ ಸುರಿಯುವುದು ಬೇರೆ ಮಾತು. ಆ ಆಸಿಡ್‌ನಲ್ಲಿ ಸೀಸ ಕರಗಿಯೇ ಇರುತ್ತದೆ. ಸೀಸ ಸೇರಿದ ನೀರನ್ನು ಕುದಿಸಿದರೆ ಶುದ್ಧವಾಗುವುದೂ ಇಲ್ಲ.

'ನಮ್ಮ ತಾತ ನಲವತ್ತು ವರ್ಷ ಮಾಡಿದರು, ಏನೂ ಆಗಲಿಲ್ಲ.'
ತಾತನ ರಕ್ತದೊತ್ತಡ, ಕೀಲುನೋವು, ಮೂತ್ರಪಿಂಡ ಹೇಗಿತ್ತು? ಪರೀಕ್ಷೆಯನ್ನೇ ಮಾಡಿಸದಿದ್ದರೆ 'ಏನೂ ಆಗಲಿಲ್ಲ' ಎಂದು ಹೇಳಲು ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ತಾತನ ಬಗ್ಗೆಯೂ ಅಲ್ಲ, ಅವರ ಸುತ್ತ ಆಡಿದ ಮಕ್ಕಳ ಬಗ್ಗೆ.

ಬ್ಯಾಟರಿ ಒಡೆಯಲೇಬೇಡಿ

ಬಲೆಯ ಹಳೆ ಗುಂಡನ್ನು ಕರಗಿಸುವುದಕ್ಕಿಂತ ಬ್ಯಾಟರಿ ಪ್ಲೇಟ್ ಕರಗಿಸುವುದು ಎಷ್ಟೋ ಪಾಲು ಹೆಚ್ಚು ಅಪಾಯ. ಪ್ಲೇಟಿಗೆ ಮೆತ್ತಿರುವುದು ಸೀಸದ ಆಕ್ಸೈಡ್, ಸಲ್ಫೇಟುಗಳ ಪುಡಿ. ಒಡೆಯುವಾಗಲೇ ಅದು ಧೂಳಾಗಿ ಏಳುತ್ತದೆ. ಒಳಗಿನ ಸಲ್ಫ್ಯೂರಿಕ್ ಆಸಿಡ್ ಕಣ್ಣು ಸುಡುತ್ತದೆ. ಪ್ಲೇಟಿನಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂ ಇರಬಹುದು. ಇವುಗಳ ಕಿಟ್ಟಕ್ಕೆ ನೀರು ತಾಗಿದರೆ ಆರ್ಸೀನ್, ಸ್ಟಿಬೀನ್ ಎಂಬ ಪ್ರಾಣಾಂತಿಕ ಅನಿಲಗಳು ಏಳಬಹುದು.

ಹಳೆ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ. ಬಳಸಿದ ಬ್ಯಾಟರಿಯನ್ನು ಮಾರಾಟಗಾರರು ವಾಪಸ್ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂತು. 2022ರ ಹೊಸ ನಿಯಮ ಈ ಹೊಣೆಯನ್ನು ತಯಾರಕ ಕಂಪನಿಗಳ ಮೇಲೆ ಇಟ್ಟಿದೆ. ಅಂಗಡಿಯಲ್ಲಿ ಹಳೆಯದಕ್ಕೆ ಬೆಲೆಯೂ ಸಿಗುತ್ತದೆ. ಕರಗಿಸಿ ಉಳಿಸುವ ದುಡ್ಡು ಇದಕ್ಕಿಂತ ಹೆಚ್ಚೇನಲ್ಲ.

ಬಂದೂಕಿನ ಗುಂಡು: ವಿಷದ ಮೇಲೆ ಕೇಸು

ಅಮೆರಿಕದ ವಿಡಿಯೊ ನೋಡಿ ಮನೆಯಲ್ಲಿ ಗುಂಡು ಎರಕ ಹೊಯ್ಯಲು ಹೊರಟವರಿಗೆ ಒಂದು ಮಾತು. ಭಾರತದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ, ಜೈಲು ಶಿಕ್ಷೆಯಿದೆ. ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತವೆ. ಬಂದೂಕಿನ ಲೈಸೆನ್ಸ್ ಇದ್ದಮಾತ್ರಕ್ಕೆ ಗುಂಡು ತಯಾರಿಸುವ ಹಕ್ಕು ಬರುವುದಿಲ್ಲ. ಕೊಡಗಿನ ಜನರಿಗಿರುವ ವಿಶೇಷ ವಿನಾಯಿತಿಯೂ ಬಂದೂಕು ಇಟ್ಟುಕೊಳ್ಳುವುದಕ್ಕೆ. ಅದನ್ನು ಗುಂಡು ತಯಾರಿಸಲು ಸಿಕ್ಕ ಅನುಮತಿ ಎಂದು ತಿಳಿಯಬಾರದು.

ಕೈಲ್ ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರು, ಶೂಟಿಂಗ್ ರೇಂಜಿಗೆ ಹೋಗುವವರು ಇದೊಂದು ನೆನಪಿಡಿ: ಗುಂಡು ಹಾರಿದಾಗಲೂ ಸೀಸದ ಪುಡಿ ಕೈಗೆ, ಬಟ್ಟೆಗೆ ಅಂಟುತ್ತದೆ. ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಮನೆಗೆ ಬಂದು ಬಟ್ಟೆ ಬದಲಿಸಿದ ಮೇಲೆ ಮಗುವನ್ನು ಎತ್ತಿಕೊಳ್ಳಿ.

ಸೀಸವಿಲ್ಲದೆ ಬಲೆ ಮುಳುಗುವುದಿಲ್ಲವೇ?

ಮುಳುಗುತ್ತದೆ. ಕಬ್ಬಿಣದ ಸಣ್ಣ ಸರಪಳಿ, ಕಬ್ಬಿಣದ ಬಳೆ, ತೂತು ಮಾಡಿ ಸುಟ್ಟ ಮಣ್ಣಿನ ಗುಂಡು ಇವೆಲ್ಲ ಬಲೆಗೆ ಭಾರವಾಗಿ ಬಳಕೆಯಲ್ಲಿವೆ. ಸೀಸದಷ್ಟು ಭಾರವಿಲ್ಲದ ಕಾರಣ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಸೀಸವೇ ಬೇಕೆಂದರೆ ಅಚ್ಚಿನ ಗುಂಡನ್ನು ಅಂಗಡಿಯಿಂದಲೇ ತನ್ನಿ, ಕರಗಿಸುವ ಕೆಲಸ ಮನೆಗೆ ಬರದಿರಲಿ. ಬಲೆಯನ್ನು ಮಕ್ಕಳ ಕೈಗೆ ಸಿಗದಂತೆ ಹೊರಗೆ ನೇತುಹಾಕಿ.

ಹೊಟ್ಟೆಪಾಡಿಗೆ ಸೀಸದ ಕೆಲಸ ಬಿಡಲಾಗದವರು ಇಷ್ಟಾದರೂ ಮಾಡಿ:

- ಮನೆ, ಅಡುಗೆಮನೆ, ಅಂಗಳದಲ್ಲಿ ಕರಗಿಸಬೇಡಿ. ಮಕ್ಕಳು, ಬಸುರಿಯರು, ಎದೆಹಾಲು ಕುಡಿಸುವವರು ಹತ್ತಿರ ಬರಬಾರದು.
- ಅಡುಗೆಯ ಪಾತ್ರೆ, ಸೌಟು ಬಳಸಬೇಡಿ. ಬಳಸಿದ್ದನ್ನು ಎಷ್ಟು ತಿಕ್ಕಿದರೂ ಮತ್ತೆ ಅಡುಗೆಗೆ ತರಬೇಡಿ.
- ಕರಗಿದ ಸೀಸಕ್ಕೆ ಒಂದು ಹನಿ ನೀರು, ಬೆವರು ಬಿದ್ದರೂ ಅದು ಥಟ್ಟನೆ ಆವಿಯಾಗಿ ಸೀಸವನ್ನು ಮುಖಕ್ಕೆ ಚಿಮ್ಮಿಸುತ್ತದೆ. ಒದ್ದೆ ತುಂಡು ಹಾಕಬೇಡಿ. ಕಣ್ಣಿಗೆ ರಕ್ಷಣೆ ಇರಲಿ.
- ಬೇಕಾದ್ದಕ್ಕಿಂತ ಹೆಚ್ಚು ಬಿಸಿ ಮಾಡಬೇಡಿ, ಗಾಳಿ ಊದಬೇಡಿ.
- ಕಿಟ್ಟವನ್ನು ನೆಲಕ್ಕೆ ಎಸೆಯದೆ ಮುಚ್ಚಳವಿರುವ ಡಬ್ಬಿಗೆ ಹಾಕಿ.
- ಕೆಲಸದ ಜಾಗದಲ್ಲಿ ಊಟ, ನೀರು, ಬೀಡಿ, ಎಲೆಅಡಿಕೆ ಬೇಡ.
- ಮನೆಗೆ ಹೊರಡುವ ಮೊದಲು ಕೈ, ಮುಖ, ಉಗುರು ಸೋಪಿನಿಂದ ತಿಕ್ಕಿ ತೊಳೆದು ಬಟ್ಟೆ, ಚಪ್ಪಲಿ ಬದಲಿಸಿ. ಕೆಲಸದ ಬಟ್ಟೆ ಮಕ್ಕಳ ಬಟ್ಟೆಯ ಜೊತೆ ಸೇರದಿರಲಿ. ಒಗೆಯುವ ಮೊದಲು ಕೊಡವಬೇಡಿ.

ಮನೆಯಲ್ಲಿ ಈಗಾಗಲೇ ಕರಗಿಸಿದ್ದರೆ?

ಗಾಬರಿ ಬೇಡ, ಆದರೆ ತಡವೂ ಬೇಡ. ಆ ಜಾಗವನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಪುಡಿ ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬೇರೆ ಇಡಿ. ಮಣ್ಣಿನ ಅಂಗಳವಾದರೆ ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ, ಕೋಳಿ ಮೇಯಲು ಬಿಡಬೇಡಿ, ಸೊಪ್ಪು ಬೆಳೆಯಬೇಡಿ. ಆ ಜಾಗಕ್ಕೆ ಸಿಮೆಂಟ್ ಹಾಕಿ ಮುಚ್ಚುವುದು ಒಳ್ಳೆಯದು. ಮಕ್ಕಳಿಗೆ ಊಟಕ್ಕೆ ಮೊದಲು ಕೈ ತೊಳೆಯುವ ಅಭ್ಯಾಸ ಕಟ್ಟುನಿಟ್ಟಾಗಿರಲಿ.

ಆಮೇಲೆ ವೈದ್ಯರ ಬಳಿ ಹೋಗಿ. 'ಮನೆಯಲ್ಲಿ ಸೀಸ ಕರಗಿಸಿದ್ದೇವೆ, ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಬೇಕು' ಎಂದು ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಸೀಸ ಕಾಣುವುದಿಲ್ಲ. ಊರಿನಲ್ಲಿ ಈ ಪರೀಕ್ಷೆ ಇಲ್ಲದಿದ್ದರೆ ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಬಹುದು. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಸೀಸ ಬೆರೆತು ತಪ್ಪು ಲೆಕ್ಕ ಬರಬಹುದು. ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದು ಮತ್ತೊಮ್ಮೆ ನೋಡಬೇಕು.

ಚಿಕಿತ್ಸೆಯ ಮೊದಲ ಹೆಜ್ಜೆ ಔಷಧಿಯಲ್ಲ, ಸೀಸದ ಮೂಲವನ್ನು ನಿಲ್ಲಿಸುವುದು. ಮಗುವಿನ ರಕ್ತದಲ್ಲಿ ಸೀಸ 45 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಆಸ್ಪತ್ರೆಯ ವೈದ್ಯರೇ ಕೊಡಬೇಕು. 'ಡಿಟಾಕ್ಸ್' ಎಂದು ಆನ್‌ಲೈನ್‌ನಲ್ಲಿ ಮಾರುವ ಪುಡಿ, ಮಾತ್ರೆಗಳನ್ನು ನಂಬಬೇಡಿ.

ಮಗು ಸೀಸದ ಗುಂಡನ್ನೇ ನುಂಗಿದರೆ 'ನಾಳೆ ಮಲದಲ್ಲಿ ಬರುತ್ತದೆ' ಎಂದು ಕಾಯಬೇಡಿ. ಹೊಟ್ಟೆಯ ಆಮ್ಲದಲ್ಲಿ ಸೀಸ ಕರಗುತ್ತದೆ. 2006ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಸೀಸದ ಸಣ್ಣ ಪದಕವೊಂದನ್ನು ನುಂಗಿದ 4 ವರ್ಷದ ಮಗು ಸತ್ತಿತು. ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ. ಫಿಟ್ಸ್ ಬಂದರೆ, ಮಗು ಮಂಕಾಗಿ ಎಚ್ಚರಗೊಳ್ಳದಿದ್ದರೆ 108ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

1. ಮನೆಯಲ್ಲಿ, ಅಂಗಳದಲ್ಲಿ ಸೀಸ ಕರಗಿಸಬೇಡಿ. ಬ್ಯಾಟರಿ ಒಡೆಯಬೇಡಿ, ಅಂಗಡಿಗೆ ವಾಪಸ್ ಕೊಡಿ.
2. ಹೊಗೆ ಹೋದ ಮೇಲೂ ಪುಡಿ ಉಳಿಯುತ್ತದೆ. ಒಣಗಿದ್ದಾಗ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.
3. ಸೀಸದ ಕೆಲಸ ಮಾಡಿದವರು ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ.
4. ಹಾಲು, ಬೆಲ್ಲ ಸೀಸಕ್ಕೆ ಮದ್ದಲ್ಲ. ಅನುಮಾನವಿದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ.
5. ಮಗು ಸೀಸದ ಗುಂಡು ನುಂಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ.